ವೆಬ್‌ಸೈಟ್, ರೆಪೊ, ಡಾಕ್ಸ್: ಮೂರೂ ಕಡೆ ಮಾತು ಒಂದೇ ಆಗಿರಲು ಯಾವ ದಾರಿ ಹಿಡಿಯಬೇಕು?

ಒಂದು ಬ್ಯಾಕಪ್ ಸಾಫ್ಟ್‌ವೇರ್ ಇದೆ ಅಂದುಕೊಳ್ಳಿ. ಅದರ ವೆಬ್‌ಸೈಟ್ ತೆರೆದರೆ ಮೊದಲ ಸಾಲು "ತಂಡಗಳಿಗೆ ಸುರಕ್ಷಿತ ಕ್ಲೌಡ್ ಬ್ಯಾಕಪ್" ಎನ್ನುತ್ತದೆ. ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಜಾಗವಾದ ರೆಪೊದ ಬಲಬದಿಯ ವಿವರಣೆಯಲ್ಲಿ "ಕಮಾಂಡ್ ಲೈನ್‌ನಿಂದ ಫೈಲ್ ಸಿಂಕ್ ಮಾಡುವ ಟೂಲ್" ಎಂದಿದೆ. ಪ್ರಾಜೆಕ್ಟ್ ಶುರುವಾದಾಗ ಯಾರೋ ಬರೆದಿಟ್ಟದ್ದು, ಆಮೇಲೆ ಯಾರೂ ಮುಟ್ಟಿಲ್ಲ. ರೆಪೊದ ಪರಿಚಯ ಫೈಲಾದ ರೀಡ್‌ಮಿಯಲ್ಲಿ ಲಿನಕ್ಸ್ ಮತ್ತು ಮ್ಯಾಕ್ ಮಾತ್ರ, ಬಳಕೆಯ ಕೈಪಿಡಿಯಾದ ಡಾಕ್ಸ್‌ನಲ್ಲಿ ವಿಂಡೋಸ್ ಇನ್‌ಸ್ಟಾಲೇಶನ್‌ಗೂ ಒಂದು ಪುಟ. ಬೆಲೆಯ ಪುಟದಲ್ಲಿ "ಓಪನ್ ಸೋರ್ಸ್" ಎಂದಿದ್ದರೆ ಲೈಸೆನ್ಸ್ ಫೈಲಿನಲ್ಲಿ ಬೇರೆಯೇ ಷರತ್ತು. ಇದರಲ್ಲಿ ಯಾರೂ ಬೇಕೆಂದು ಸುಳ್ಳು ಬರೆದಿಲ್ಲ, ತಾವು ಬರೆದ ದಿನ ನಿಜವಾಗಿದ್ದದ್ದನ್ನೇ ಬರೆದಿದ್ದಾರೆ. ಆದರೆ ಇಷ್ಟನ್ನೂ ಒಂದೇ ಕೂತಲ್ಲಿ ಓದುವವರು ಒಬ್ಬರಿರುತ್ತಾರೆ, ಈ ಸಾಫ್ಟ್‌ವೇರನ್ನು ತಮ್ಮ ಕಂಪನಿಗೆ ತರಬೇಕೋ ಬೇಡವೋ ಎಂದು ಅಳೆಯುತ್ತಿರುವ ಇಂಜಿನಿಯರ್. ಇವರಿಗೇ ಇವರ ಪ್ರಾಡಕ್ಟ್ ಬಗ್ಗೆ ಖಚಿತ ಇಲ್ಲವಲ್ಲ ಎಂದು ಅವರು ಟ್ಯಾಬ್ ಮುಚ್ಚುತ್ತಾರೆ.

ಸರಿಪಡಿಸಲು ಹೊರಟವರ ಮುಂದೆ ಸಾಮಾನ್ಯವಾಗಿ ಐದು ದಾರಿ ಇರುತ್ತವೆ. ಎಲ್ಲರೂ ಅನುಸರಿಸುವ ಒಂದು ಲಿಖಿತ ಸಂದೇಶ ಪತ್ರ. ಪ್ರತಿ ಪುಲ್ ರಿಕ್ವೆಸ್ಟ್‌ನಲ್ಲಿ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಪದಗಳನ್ನು ಪರೀಕ್ಷಿಸುವ ಲಿಂಟರ್. ಒಂದೇ ಡೇಟಾ ಫೈಲಿನಿಂದ ಎಲ್ಲ ಕಡೆಗೂ ಪಠ್ಯ ತುಂಬುವ ಬಿಲ್ಡ್, ಅಂದರೆ ಮೂಲ ಫೈಲುಗಳಿಂದ ಸೈಟನ್ನೋ ಪ್ಯಾಕೇಜನ್ನೋ ತಾನಾಗಿ ಕಟ್ಟುವ ಹಂತ. ಕೋಡ್, ಡಾಕ್ಸ್, ವೆಬ್‌ಸೈಟ್ ಎಲ್ಲವನ್ನೂ ಒಂದೇ ರೆಪೊಗೆ ತರುವುದು. ಕೊನೆಯದಾಗಿ ಒಂದು ಪೂರ್ಣ ಪ್ರಮಾಣದ ಕಂಟೆಂಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ. ಒಂದೊಂದರ ಪರವಾಗಿಯೂ ವಾದ ಮಾಡುವವರು ಸಿಗುತ್ತಾರೆ. ಯಾವುದು ನಿಮಗೆ ಹೊಂದುತ್ತದೆ ಎನ್ನುವುದು ನಿಮ್ಮಲ್ಲಿ ಮಾತು ಎಲ್ಲಿ ಒಡೆಯುತ್ತಿದೆ ಎನ್ನುವುದರ ಮೇಲೆ ನಿಂತಿದೆ.

ಏನು ಒಂದೇ ಆಗಿರಬೇಕು, ಏನು ಬೇರೆ ಇರಬಹುದು

ಮೊದಲು ಇದನ್ನು ತೀರ್ಮಾನಿಸದೆ ಟೂಲ್ ಹುಡುಕಿದರೆ ದುಡ್ಡು, ಸಮಯ ಎರಡೂ ದಂಡ. ಕಂಪನಿ ಬರೆಯುವುದರಲ್ಲಿ ಮೂರು ಪದರ ಇರುತ್ತವೆ. ಕೆಳಗಿನದು ಸಂಗತಿಗಳ ಪದರ: ಪ್ರಾಡಕ್ಟ್‌ನ ಹೆಸರು, ಅದನ್ನು ಬರೆಯುವ ರೀತಿ, ಲೈಸೆನ್ಸ್, ಯಾವ ಯಾವ ಪ್ಲಾಟ್‌ಫಾರ್ಮ್‌ನಲ್ಲಿ ಓಡುತ್ತದೆ, ಯಾವ ಆವೃತ್ತಿಗೆ ಎಲ್ಲಿಯವರೆಗೆ ಬೆಂಬಲ, ಉಚಿತ ಪ್ಲಾನಿನ ಮಿತಿ ಎಷ್ಟು. ಮಧ್ಯದ್ದು ವಿವರಣೆಯ ಪದರ: ಇದು ಏನು, ಯಾರಿಗೆ, ಯಾಕೆ ಎಂದು ಹೇಳುವ ಒಂದು ಸಾಲು, ಒಂದು ಪ್ಯಾರಾ. ಮೇಲಿನದು ಧಾಟಿ.

ಸಂಗತಿಗಳು ಅಕ್ಷರಶಃ ಒಂದೇ ಇರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ವಿವರಣೆಯ ತಿರುಳು ಒಂದೇ ಇದ್ದು ಉದ್ದ ಮಾತ್ರ ಬದಲಾಗಬಹುದು. ಧಾಟಿ ಬೇರೆ ಬೇರೆಯೇ ಇರಬೇಕು ಎಂದು ನಾನು ನಂಬುತ್ತೇನೆ. ಮುಖಪುಟ ಓದುವವರು ಇನ್ನೂ ಯೋಚಿಸುತ್ತಿರುತ್ತಾರೆ. ಎಪಿಐ (ಪ್ರೋಗ್ರಾಂಗಳು ಒಂದರೊಡನೊಂದು ಮಾತಾಡುವ ದಾರಿ) ರೆಫರೆನ್ಸ್ ಓದುವವರು ಕೆಲಸದ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತಾರೆ. ಅವರಿಗೆ ಮುಖಪುಟದ ಉತ್ಸಾಹದ ಭಾಷೆ ಬಡಿಸಿದರೆ ಕಿರಿಕಿರಿ ಆಗುವುದು ಸಹಜ. "ಸ್ಥಿರತೆ" ಎಂಬ ಹೆಸರಿನಲ್ಲಿ ಎಲ್ಲ ಕಡೆ ಒಂದೇ ಜಾಹೀರಾತು ವಾಕ್ಯವನ್ನು ಅಂಟಿಸುವ ಪ್ರಯತ್ನ ಹಲವು ತಂಡಗಳಲ್ಲಿ ನಡೆಯುತ್ತದೆ. ಅದರಿಂದ ಡಾಕ್ಸ್ ಹಾಳಾಗುತ್ತದೆ, ಇಂಜಿನಿಯರ್‌ಗಳು ಇಡೀ ಯೋಜನೆಯನ್ನೇ ವಿರೋಧಿಸಲು ಶುರು ಮಾಡುತ್ತಾರೆ.

ಅಳೆಯುವ ಮಾನದಂಡಗಳು

ಮಾತು ಎಷ್ಟು ಕಡೆ ಇದೆ ಎಂಬುದು ಮೊದಲನೆಯದು. ಎಲ್ಲರೂ ಮೂರು ಎಂದುಕೊಂಡಿರುತ್ತಾರೆ, ಕೂತು ಹುಡುಕಿದರೆ ಹತ್ತು ದಾಟುತ್ತದೆ. ರೆಪೊದ ವಿವರಣೆ ರೀಡ್‌ಮಿಯಿಂದ ಬರುವುದಿಲ್ಲ, ಅದು ಸೆಟ್ಟಿಂಗ್‌ನಲ್ಲಿ ಪ್ರತ್ಯೇಕವಾಗಿ ತುಂಬಬೇಕಾದ ಜಾಗ. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಸಂಗ್ರಹವಾದ ಎನ್‌ಪಿಎಂಗೆ ಹೋಗುವ ಪ್ಯಾಕೇಜಿನ ಜೇಸನ್ ಫೈಲಿನಲ್ಲಿ ಒಂದು ವಿವರಣೆ, ಪೈಥಾನ್ ಪ್ಯಾಕೇಜಿನ ಟಾಮಲ್ ಫೈಲಿನಲ್ಲಿ ಇನ್ನೊಂದು. ಕಂಟೇನರ್ ಇಮೇಜ್‌ಗಳನ್ನು ಹಂಚುವ ಡಾಕರ್ ಹಬ್‌ನ ಚಿಕ್ಕ ವಿವರಣೆಗೆ 100 ಅಕ್ಷರಗಳ ಮಿತಿ, ಹಾಗಾಗಿ ಅಲ್ಲಿ ಯಾರೋ ಕತ್ತರಿಸಿ ಬರೆದ ಮತ್ತೊಂದು ರೂಪ. ಕಮಾಂಡ್ ಲೈನ್‌ನ ಹೆಲ್ಪ್ ಪಠ್ಯ, ಎರರ್ ಮೆಸೇಜ್‌ಗಳು, ಸರ್ಚ್ ಇಂಜಿನ್‌ಗೆ ಕೊಡುವ ಮೆಟಾ ವಿವರಣೆ, ಎಪಿಐಯನ್ನು ವಿವರಿಸುವ ಓಪನ್‌ಎಪಿಐ ಫೈಲಿನ ಪರಿಚಯ, ಗಿಟ್‌ಹಬ್‌ನ ಸಂಸ್ಥೆಯ ಪುಟ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ಎರಡನೆಯದು, ತಪ್ಪನ್ನು ತಿದ್ದುವುದು ಎಷ್ಟು ಸುಲಭ ಎನ್ನುವುದು. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ವೆಬ್‌ಸೈಟನ್ನು ಐದು ನಿಮಿಷದಲ್ಲಿ ಬದಲಿಸಬಹುದು. ಎನ್‌ಪಿಎಂ ಪುಟದಲ್ಲಿ ಕಾಣುವ ರೀಡ್‌ಮಿ ಬದಲಾಗಬೇಕಾದರೆ ಪ್ಯಾಕೇಜಿನ ಹೊಸ ಆವೃತ್ತಿಯನ್ನೇ ಪ್ರಕಟಿಸಬೇಕು. ಪೈಥಾನ್ ಪ್ಯಾಕೇಜ್‌ಗಳ ಸಂಗ್ರಹವಾದ ಪೈಪಿಐಯಲ್ಲೂ ಹಾಗೆಯೇ, ಒಮ್ಮೆ ಹೋದ ರಿಲೀಸ್‌ನ ವಿವರಣೆಯನ್ನು ಹೊಸ ರಿಲೀಸ್ ಇಲ್ಲದೆ ತಿದ್ದಲಾಗದು. ಬಳಕೆದಾರರ ಯಂತ್ರದಲ್ಲಿ ಈಗಾಗಲೇ ಇನ್‌ಸ್ಟಾಲ್ ಆಗಿರುವ ಬೈನರಿಯ ಹೆಲ್ಪ್ ಪಠ್ಯ ಅವರು ಅಪ್‌ಡೇಟ್ ಮಾಡುವವರೆಗೆ ನಿಮ್ಮ ಕೈಗೆ ಸಿಗುವುದಿಲ್ಲ. ಹೀಗೆ ಗಟ್ಟಿಯಾಗಿ ಕೂತುಬಿಡುವ ಜಾಗಗಳು ನಿಮ್ಮಲ್ಲಿ ಹೆಚ್ಚಿದ್ದರೆ ರಿಲೀಸ್‌ಗೆ ಮೊದಲೇ ಹಿಡಿಯುವ ವ್ಯವಸ್ಥೆ ಬೇಕು.

ಮೂರನೆಯದು ಬರೆಯುವವರು ಯಾರು, ಅವರಿಗೆ ಗಿಟ್ (ಫೈಲುಗಳ ಬದಲಾವಣೆಗಳನ್ನು ದಾಖಲಿಸುವ ಟೂಲ್) ಬರುತ್ತದೆಯೇ. ನಾಲ್ಕನೆಯದು ಸಂಗತಿ ತಪ್ಪಾದರೆ ಆಗುವ ನಷ್ಟ. ಹೆಸರಿನ ಸ್ಪೆಲಿಂಗ್ ಬೇರೆಯಾಗಿದ್ದರೆ ಮುಜುಗರ, ಲೈಸೆನ್ಸ್ ಬೇರೆಯಾಗಿದ್ದರೆ ವಕೀಲರ ಕೆಲಸ. ಐದನೆಯದು, ಇವತ್ತು ಕೂರಿಸಿದ ಟೂಲನ್ನು ಮುಂದಿನ ವರ್ಷ ಯಾರು ನೋಡಿಕೊಳ್ಳುತ್ತಾರೆ. ಅನುವಾದ ಇದ್ದರೆ ಅದು ಆರನೆಯದು.

ಸಂದೇಶ ಪತ್ರ: ಅಗ್ಗ, ಆದರೆ ಒಬ್ಬರ ಮೇಲೆ ಭಾರ

ಒಂದೇ ಪುಟದ ಫೈಲ್. ಪ್ರಾಡಕ್ಟ್‌ನ ಹೆಸರು ಮತ್ತು ಅದನ್ನು ಬರೆಯುವ ರೀತಿ, ಮೂರು ಉದ್ದಗಳಲ್ಲಿ ವಿವರಣೆ (100 ಅಕ್ಷರದೊಳಗೆ ಒಂದು, ಒಂದು ಪೂರ್ಣ ವಾಕ್ಯ, ಒಂದು ಪ್ಯಾರಾ), ಸಂಗತಿಗಳ ಪಟ್ಟಿ, ಬಳಸಬಾರದ ಹಳೆಯ ಪದಗಳು, ಈ ಎಲ್ಲ ಪಠ್ಯ ಎಲ್ಲೆಲ್ಲಿ ಇದೆ ಎಂಬ ಪಟ್ಟಿ. ಪಕ್ಕದಲ್ಲಿ ಒಬ್ಬರ ಹುದ್ದೆ, ತಕರಾರು ಬಂದಾಗ ಕೊನೆಯ ಮಾತು ಅವರದು.

ಖರ್ಚು ಹೆಚ್ಚುಕಡಿಮೆ ಇಲ್ಲ. ಒಬ್ಬಿಬ್ಬರು ನಡೆಸುವ ಪ್ರಾಜೆಕ್ಟ್‌ಗೆ ಇಷ್ಟೇ ಸಾಕು, ಅದಕ್ಕಿಂತ ಹೆಚ್ಚಿನದನ್ನು ಕಟ್ಟುವುದು ಅವರಿಗೆ ಹೊರೆ. ದೊಡ್ಡ ತಂಡಕ್ಕೂ ಇದು ಬುನಾದಿ, ಏಕೆಂದರೆ ಉಳಿದ ನಾಲ್ಕೂ ದಾರಿಗಳಲ್ಲಿ ಯಂತ್ರಕ್ಕೆ ಏನನ್ನು ಹೇಳಿಕೊಡಬೇಕು ಎಂಬುದು ಇಲ್ಲಿಂದಲೇ ಬರಬೇಕು. "ನಮ್ಮ ಪ್ರಾಡಕ್ಟ್ ಬ್ಯಾಕಪ್‌ಗೋ, ಸಿಂಕ್‌ಗೋ" ಎಂಬ ಜಗಳ ಮಾರ್ಕೆಟಿಂಗ್ ಮತ್ತು ಇಂಜಿನಿಯರಿಂಗ್ ನಡುವೆ ಮುಗಿದಿಲ್ಲದಿದ್ದರೆ ಅದನ್ನು ಯಾವ ಸಾಫ್ಟ್‌ವೇರ್ ಕೂಡ ಮುಗಿಸಿಕೊಡುವುದಿಲ್ಲ.

ಮೊದಲಿನಿಂದ ಶೈಲಿಯ ನಿಯಮಗಳನ್ನೂ ಬರೆಯಲು ಹೋಗಬೇಡಿ. ಗೂಗಲ್‌ನ ಡೆವಲಪರ್ ಡಾಕ್ಯುಮೆಂಟೇಶನ್ ಶೈಲಿ ಕೈಪಿಡಿಯೂ ಮೈಕ್ರೋಸಾಫ್ಟ್‌ನದೂ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಒಂದನ್ನು ಆರಿಸಿ, ನಿಮ್ಮ ಅಪವಾದಗಳನ್ನು ಮಾತ್ರ ಬರೆದಿಡಿ.

ಇದರ ದೌರ್ಬಲ್ಯ ಗೊತ್ತಿರುವುದೇ. ಪತ್ರ ಇದೆ ಎಂಬುದು ಹೊಸದಾಗಿ ಸೇರಿದವರಿಗೆ ಗೊತ್ತಿರುವುದಿಲ್ಲ, ಅವಸರದ ರಿಲೀಸ್ ದಿನ ಹಳಬರಿಗೂ ನೆನಪಾಗುವುದಿಲ್ಲ. ರೆಪೊಗಳು ಹೆಚ್ಚಾದಂತೆ ಎಲ್ಲವನ್ನೂ ಕಣ್ಣಲ್ಲೇ ಕಾಯುವುದು ಒಬ್ಬರಿಂದ ಆಗದ ಮಾತು.

ಲಿಂಟರ್: ಪದಗಳನ್ನು ಕಾಯುತ್ತದೆ, ಅರ್ಥವನ್ನು ಕಾಯುವುದಿಲ್ಲ

ಬರವಣಿಗೆಯನ್ನು ಪರೀಕ್ಷಿಸುವ ಟೂಲ್‌ಗಳಲ್ಲಿ ಡಾಕ್ಸ್ ಬರೆಯುವವರ ನಡುವೆ ಹೆಚ್ಚು ಬಳಕೆಯಲ್ಲಿರುವುದು ವೇಲ್. ಜಾವಾಸ್ಕ್ರಿಪ್ಟ್ ಜಗತ್ತಿನವರಿಗೆ ಟೆಕ್ಸ್ಟ್‌ಲಿಂಟ್ ಕೂಡ ಇದೆ. ಎರಡೂ ಓಪನ್ ಸೋರ್ಸ್. ವೇಲ್ ಮಾರ್ಕ್‌ಡೌನ್, ಆಸ್ಕಿಡಾಕ್, ರೀಸ್ಟ್ರಕ್ಚರ್ಡ್‌ಟೆಕ್ಸ್ಟ್, ಎಚ್‌ಟಿಎಂಎಲ್ ಎಂಬ ಪಠ್ಯ ಬರೆಯುವ ವಿಧಾನಗಳೆಲ್ಲವನ್ನೂ ಓದುತ್ತದೆ, ಕೋಡಿನೊಳಗಿನ ಕಾಮೆಂಟ್‌ಗಳನ್ನೂ ಓದಬಲ್ಲದು. ಈ ಹಳೆಯ ಪದ ಕಂಡರೆ ಈ ಹೊಸ ಪದ ಸೂಚಿಸು ಎಂಬ ನಿಯಮ ಬರೆದು ಸಿಐಗೆ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ಪರೀಕ್ಷೆಗಳಿಗೆ) ಸೇರಿಸಿದರೆ, ಪುಲ್ ರಿಕ್ವೆಸ್ಟ್‌ನಲ್ಲಿ ಅದೇ ಸಾಲಿನ ಪಕ್ಕ ಎಚ್ಚರಿಕೆ ಬರುವಂತೆ ಮಾಡಿಕೊಳ್ಳಬಹುದು. ನೀವು ಒಪ್ಪಿದ ಪದಗಳ ಒಂದು ಪಟ್ಟಿ, ತಿರಸ್ಕರಿಸಿದವುಗಳ ಇನ್ನೊಂದು ಪಟ್ಟಿ ಕೊಟ್ಟರೆ ಹೆಸರಿನ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವನ್ನೂ ಅದು ಬಿಡುವುದಿಲ್ಲ.

ಹೆಸರು ಬದಲಾಯಿಸುವ ಸಂದರ್ಭದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 2023ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಲಾಗಿನ್ ಸೇವೆಯಾದ ಅಜೂರ್ ಆ್ಯಕ್ಟಿವ್ ಡೈರೆಕ್ಟರಿಗೆ ಮೈಕ್ರೋಸಾಫ್ಟ್ ಎಂಟ್ರಾ ಐಡಿ ಎಂದು ಮರುನಾಮಕರಣ ಘೋಷಿಸಿತು. ಹೆಸರು ಬದಲಾದರೂ ಲಾಗಿನ್ ವಿಳಾಸಗಳು, ಎಪಿಐಗಳು, ಪವರ್‌ಶೆಲ್ ಕಮಾಂಡ್‌ಗಳು ಹಾಗೇ ಉಳಿಯುತ್ತವೆ ಎಂದು ಅದೇ ಹೊತ್ತಿಗೆ ಸ್ಪಷ್ಟಪಡಿಸಿತು. ಇಂಥಲ್ಲಿ ಕುರುಡಾಗಿ ಹುಡುಕಿ ಬದಲಿಸಿದರೆ ವಾಕ್ಯಗಳು ಸರಿಯಾಗುತ್ತವೆ, ಉದಾಹರಣೆಯ ಕಮಾಂಡ್‌ಗಳೆಲ್ಲ ಮುರಿಯುತ್ತವೆ. ವೇಲ್ ಮಾರ್ಕ್‌ಡೌನ್‌ನ ಕೋಡ್ ಬ್ಲಾಕ್‌ಗಳನ್ನೂ ಸಾಲಿನ ನಡುವಿನ ಕೋಡನ್ನೂ ತಾನಾಗಿಯೇ ಬಿಟ್ಟು ಮುಂದೆ ಹೋಗುತ್ತದೆ. ಆದ್ದರಿಂದ ವಾಕ್ಯದಲ್ಲಿರುವ ಹೆಸರು ಬೇರೆ, ಕೋಡಿನಲ್ಲಿರುವ ಗುರುತು ಬೇರೆ ಎಂಬ ಭೇದವನ್ನು ಉಳಿಸಿಕೊಳ್ಳಬಹುದು. ನಿಮ್ಮಲ್ಲಿ ಹೆಸರು ಬದಲಾಗಲಿದ್ದರೆ ಬೇರೆ ಯಾವ ದಾರಿ ಹಿಡಿದರೂ ಸರಿ, ಜೊತೆಗೆ ಇದೊಂದು ಇರಲೇಬೇಕು.

ಕೂರಿಸುವಾಗ ಆತುರ ಬೇಡ. ಸಿದ್ಧವಾಗಿ ಸಿಗುವ ಗೂಗಲ್ ಅಥವಾ ಮೈಕ್ರೋಸಾಫ್ಟ್ ನಿಯಮಗಳ ಕಟ್ಟನ್ನು ಪೂರ್ತಿ ಹಾಕಿದ ದಿನ ಹಳೆಯ ರೆಪೊದಲ್ಲಿ ಎಚ್ಚರಿಕೆಗಳ ಪ್ರವಾಹ ಬರುತ್ತದೆ, ವಾರದೊಳಗೆ ಯಾರೋ ಆ ಪರೀಕ್ಷೆಯನ್ನೇ ತೆಗೆದುಹಾಕುತ್ತಾರೆ. ವೇಲ್‌ನಲ್ಲಿ ಸಲಹೆ, ಎಚ್ಚರಿಕೆ, ದೋಷ ಎಂದು ಮೂರು ಮಟ್ಟಗಳಿವೆ. ಪ್ರಾಡಕ್ಟ್ ಹೆಸರು ಮತ್ತು ನಿಷೇಧಿತ ಪದಗಳನ್ನು ಮಾತ್ರ ದೋಷದ ಮಟ್ಟದಲ್ಲಿಟ್ಟು ಬಿಲ್ಡ್ ನಿಲ್ಲುವಂತೆ ಮಾಡಿ, ಉಳಿದದ್ದೆಲ್ಲ ಸಲಹೆಯಾಗಿರಲಿ.

ಮಿತಿಯನ್ನೂ ಸ್ಪಷ್ಟವಾಗಿ ತಿಳಿದಿರಬೇಕು. "ವಿಂಡೋಸ್‌ಗೆ ಪೂರ್ಣ ಬೆಂಬಲವಿದೆ" ಎಂಬ ವಾಕ್ಯದಲ್ಲಿ ಎಲ್ಲ ಪದಗಳೂ ಸರಿಯಾಗಿದ್ದರೆ ಲಿಂಟರ್ ಹಸಿರು ನಿಶಾನೆ ತೋರಿಸುತ್ತದೆ. ಬೆಂಬಲ ನಿಜವಾಗಿ ಇದೆಯೇ ಎಂದು ಅದು ಕೇಳುವುದಿಲ್ಲ. ಈಚೆಗೆ ಕೆಲವರು ಮೂರೂ ಕಡೆಯ ಪಠ್ಯವನ್ನು ಭಾಷಾ ಮಾದರಿಗೆ ಕೊಟ್ಟು ವಿರೋಧಾಭಾಸ ಹುಡುಕಿಸುತ್ತಾರೆ. ತಿಂಗಳಿಗೊಮ್ಮೆ ನಡೆಸುವ ತಪಾಸಣೆಗೆ ಅದು ಒಳ್ಳೆಯ ನೆರವು, ಲಿಂಟರ್‌ಗೆ ಕಾಣದ್ದು ಅದಕ್ಕೆ ಕಾಣುತ್ತದೆ. ಆದರೆ ಒಂದೇ ಪಠ್ಯಕ್ಕೆ ಇವತ್ತೊಂದು ನಾಳೆಯೊಂದು ಉತ್ತರ ಬರಬಹುದಾದ್ದರಿಂದ ಬಿಲ್ಡ್ ನಿಲ್ಲಿಸುವ ಅಧಿಕಾರವನ್ನು ಅದಕ್ಕೆ ಕೊಡಬೇಡಿ.

ಒಂದೇ ಮೂಲದಿಂದ ತುಂಬುವುದು

ಸಂಗತಿಗಳ ಪದರಕ್ಕೆ ನನ್ನ ಮೊದಲ ಆಯ್ಕೆ ಇದು. ಸಂದೇಶ ಪತ್ರದ ಸಂಗತಿಗಳನ್ನು ಯಂತ್ರ ಓದಬಲ್ಲ ಫೈಲಿಗೆ, ಯಾಮಲ್ ಅಥವಾ ಜೇಸನ್‌ಗೆ, ಹಾಕಿ ಅಲ್ಲಿಂದಲೇ ಎಲ್ಲ ಕಡೆಗೂ ಕಳುಹಿಸುವುದು. ಪ್ಲಾಟ್‌ಫಾರ್ಮ್ ಪಟ್ಟಿಗೆ ಒಂದು ಹೆಸರು ಸೇರಿಸಿದರೆ ವೆಬ್‌ಸೈಟಿನ ಕೋಷ್ಟಕ, ಡಾಕ್ಸ್‌ನ ಇನ್‌ಸ್ಟಾಲ್ ಪುಟ, ರೀಡ್‌ಮಿ ಮೂರೂ ಮುಂದಿನ ಬಿಲ್ಡ್‌ನಲ್ಲಿ ಬದಲಾಗುತ್ತವೆ.

ಡಾಕ್ಸ್ ಕಟ್ಟುವ ಟೂಲ್‌ಗಳಲ್ಲಿ ಇದಕ್ಕೆ ಬೇಕಾದ ಸೌಕರ್ಯ ಹಳೆಯದೇ. ಸ್ಫಿಂಕ್ಸ್‌ನಲ್ಲಿ ಬದಲಿ ಪದಗಳಿವೆ, ಆಸ್ಕಿಡಾಕ್‌ನಲ್ಲಿ ಆ್ಯಟ್ರಿಬ್ಯೂಟ್ ಮತ್ತು ಇನ್‌ಕ್ಲೂಡ್ ಇವೆ, ಡಾಕ್ಯುಸಾರಸ್‌ನಲ್ಲಿ ಒಂದು ತುಣುಕನ್ನು ಬರೆದು ಹಲವು ಪುಟಗಳಿಗೆ ಇಂಪೋರ್ಟ್ ಮಾಡಬಹುದು. ಹಲವು ರೆಪೊಗಳ ಡಾಕ್ಸನ್ನು ಒಂದು ಸೈಟಾಗಿ ಕೂಡಿಸಬೇಕಿದ್ದರೆ ಆಂಟೋರಾ ಅದಕ್ಕಾಗಿಯೇ ಇರುವ ಟೂಲ್. ಪಠ್ಯ ಆಯಾ ಕೋಡಿನ ಪಕ್ಕದಲ್ಲೇ ಉಳಿಯುತ್ತದೆ, ಇಡೀ ಸೈಟಿಗೆ ಅನ್ವಯಿಸುವ ಹೆಸರುಗಳನ್ನು ಒಂದೇ ಕಡೆ ಕೊಡಬಹುದು.

ಕಷ್ಟವಿರುವುದು ರೀಡ್‌ಮಿಯಲ್ಲಿ. ಗಿಟ್‌ಹಬ್ ತೋರಿಸುವ ಮಾರ್ಕ್‌ಡೌನ್‌ಗೆ ಬೇರೆ ಫೈಲನ್ನು ಒಳಗೆ ಎಳೆದುಕೊಳ್ಳುವ ಶಕ್ತಿ ಇಲ್ಲ. ಆಸ್ಕಿಡಾಕ್‌ನಲ್ಲಿ ಬರೆದರೂ ಗಿಟ್‌ಹಬ್ ಇನ್‌ಕ್ಲೂಡನ್ನು ನಡೆಸುವುದಿಲ್ಲ, ಬರೀ ಕೊಂಡಿ ತೋರಿಸುತ್ತದೆ. ಇದಕ್ಕೆ ಬಳಕೆಯಲ್ಲಿರುವ ಉಪಾಯ ಗುರುತಿನ ಕಾಮೆಂಟ್‌ಗಳು. ರೀಡ್‌ಮಿಯ ನಡುವೆ, ಓದುವವರಿಗೆ ಕಾಣದ ಎರಡು ಎಚ್‌ಟಿಎಂಎಲ್ ಕಾಮೆಂಟ್ ಇಡುತ್ತಾರೆ, "ಇಲ್ಲಿಂದ ಶುರು", "ಇಲ್ಲಿಗೆ ಮುಗಿಯಿತು" ಎಂದು. ನಡುವಿನ ಭಾಗವನ್ನು ಸ್ಕ್ರಿಪ್ಟ್ ಡೇಟಾ ಫೈಲಿನಿಂದ ತುಂಬುತ್ತದೆ, ಹೊರಗಿನದನ್ನು ಮುಟ್ಟುವುದಿಲ್ಲ. ಸರ್ವರ್‌ಗಳನ್ನು ಕೋಡಿನಿಂದ ಹೊಂದಿಸುವ ಟೆರಾಫಾರ್ಮ್ ಟೂಲಿನ ಮಾಡ್ಯೂಲ್‌ಗಳ ರೀಡ್‌ಮಿ ತುಂಬಲು ಟೆರಾಫಾರ್ಮ್-ಡಾಕ್ಸ್ ಎಂಬ ಟೂಲ್ ಮಾಡುವುದೂ ಇದನ್ನೇ. ಸಿಐಯಲ್ಲಿ ಅದೇ ಸ್ಕ್ರಿಪ್ಟನ್ನು ಮತ್ತೆ ಓಡಿಸಿ, ಫೈಲಿನಲ್ಲಿ ಒಂದಕ್ಷರ ವ್ಯತ್ಯಾಸ ಬಂದರೂ ಬಿಲ್ಡ್ ಸೋಲುವಂತೆ ಮಾಡಿದರೆ ಕೈಯಿಂದ ತಿದ್ದಿದ್ದು ತಕ್ಷಣ ಸಿಕ್ಕಿಬೀಳುತ್ತದೆ. ರೆಪೊದ ಬಲಬದಿಯ ವಿವರಣೆಯನ್ನೂ ಗಿಟ್‌ಹಬ್‌ನ ಎಪಿಐ ಮೂಲಕ ಇದೇ ಸ್ಕ್ರಿಪ್ಟ್ ಬದಲಿಸಬಹುದು.

ಗಿಟ್‌ಹಬ್ ಬಳಸುವವರಿಗೆ ಸ್ಕ್ರಿಪ್ಟ್ ಇಲ್ಲದೆಯೇ ಸಿಗುವ ಒಂದು ಸೌಲಭ್ಯವೂ ಇದೆ. "ಡಾಟ್ ಗಿಟ್‌ಹಬ್" (.github) ಎಂಬ ಹೆಸರಿನ ಸಾರ್ವಜನಿಕ ರೆಪೊ ಮಾಡಿ, ಅದರಲ್ಲಿ ಕೊಡುಗೆದಾರರ ಮಾರ್ಗಸೂಚಿ, ನಡವಳಿಕೆ ಸಂಹಿತೆ, ಭದ್ರತಾ ನೀತಿ, ಬೆಂಬಲದ ವಿವರಗಳನ್ನು ಇಟ್ಟರೆ, ಸ್ವಂತ ಪ್ರತಿ ಇಲ್ಲದ ಎಲ್ಲ ರೆಪೊಗಳಿಗೂ ಅವೇ ಅನ್ವಯಿಸುತ್ತವೆ. ಸಂಸ್ಥೆಯ ಮುಖಪುಟದ ಪರಿಚಯವೂ ಅಲ್ಲೇ ಇರುತ್ತದೆ. ಲೈಸೆನ್ಸ್ ಫೈಲ್ ಮಾತ್ರ ಹೀಗೆ ಹಂಚಿಕೆಯಾಗುವುದಿಲ್ಲ, ಪ್ರತಿ ರೆಪೊದಲ್ಲೂ ಇರಲೇಬೇಕು. ಐವತ್ತು ರೆಪೊ ಇರುವ ಸಂಸ್ಥೆಗೆ ಈ ಒಂದು ಹೆಜ್ಜೆಯಿಂದಲೇ ಅರ್ಧ ಗೊಂದಲ ಕಡಿಮೆಯಾಗುತ್ತದೆ, ಆದರೂ ಇದನ್ನು ಬಳಸದೆ ಬಿಡುವವರಿದ್ದಾರೆ.

ತೊಡಕು ಎರಡು ಕಡೆ. ಒಂದು, ಆಸೆ ಹೆಚ್ಚಾಗಿ ವಾಕ್ಯಗಳನ್ನೂ ತುಂಡು ತುಂಡಾಗಿ ಡೇಟಾ ಫೈಲಿಗೆ ಹಾಕುವುದು. ಆಗ ಡಾಕ್ಸ್‌ನ ಮೂಲ ಪಠ್ಯದಲ್ಲಿ ಆವರಣ ಚಿಹ್ನೆಗಳೇ ತುಂಬಿ, ಬರೆಯುವವರಿಗೆ ತಾವು ಬರೆದದ್ದನ್ನೇ ಓದಲಾಗುವುದಿಲ್ಲ. ಇನ್ನೊಂದು ಅನುವಾದ. ಕನ್ನಡದಂಥ ಭಾಷೆಗಳಲ್ಲಿ ಹೆಸರಿಗೆ ವಿಭಕ್ತಿ ಅಂಟಿಕೊಳ್ಳುತ್ತದೆ. ಹೆಸರಿನ ಜಾಗದಲ್ಲಿ ವೇರಿಯೇಬಲ್ ಇಟ್ಟು ಮುಂದೆ "ನಲ್ಲಿ" ಎಂದು ಬರೆದಿದ್ದರೆ, ನಾಳೆ ಹೆಸರು ಬದಲಾದಾಗ ಅಲ್ಲಿ "ಯಲ್ಲಿ" ಬೇಕಾಗಬಹುದು, "ದಲ್ಲಿ" ಬೇಕಾಗಬಹುದು. ಪುಟವಿಡೀ ಕಿವಿಗೆ ಕೊರೆಯುತ್ತದೆ. ಸಂಖ್ಯೆ, ಪಟ್ಟಿ, ಆವೃತ್ತಿ, ಪೂರ್ಣ ವಾಕ್ಯ ಇವನ್ನು ಮೂಲ ಫೈಲಿನಲ್ಲಿಡಿ. ವಾಕ್ಯದ ನಡುವಿನ ಹೆಸರನ್ನು ಲಿಂಟರ್‌ಗೆ ಬಿಡಿ.

ಎಲ್ಲವೂ ಒಂದೇ ರೆಪೊದಲ್ಲಿ

ಕೋಡ್, ಡಾಕ್ಸ್, ವೆಬ್‌ಸೈಟ್ ಒಂದೇ ರೆಪೊದಲ್ಲಿದ್ದರೆ ಒಂದೇ ಪುಲ್ ರಿಕ್ವೆಸ್ಟ್ ಮೂರನ್ನೂ ಬದಲಿಸುತ್ತದೆ. ಹೊಸ ಫೀಚರ್ ಸೇರಿಸಿದವರಿಗೆ "ಡಾಕ್ಸ್ ಎಲ್ಲಿ?" ಎಂದು ವಿಮರ್ಶಕರು ಅಲ್ಲೇ ಕೇಳಬಹುದು. ಇಂಜಿನಿಯರ್‌ಗಳೇ ಎಲ್ಲವನ್ನೂ ಬರೆಯುವ, ಒಂದೇ ಮುಖ್ಯ ಪ್ರಾಡಕ್ಟ್ ಇರುವ ಕಂಪನಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ, ಹೊಸ ಟೂಲ್ ಕಲಿಯುವ ಕೆಲಸವೂ ಇಲ್ಲ.

ರೆಪೊ ಸಾರ್ವಜನಿಕವಾಗಿದ್ದರೆ ಮಾತ್ರ ಒಂದು ಗಂಭೀರ ತೊಂದರೆ ಇದೆ. ಇನ್ನೂ ಘೋಷಿಸದ ಪ್ರಾಡಕ್ಟ್‌ನ ಪುಟ, ಬೆಲೆ ಬದಲಾವಣೆಯ ಕರಡು ಎಲ್ಲವೂ ಬಿಡುಗಡೆಗೆ ಮೊದಲೇ ಲೋಕಕ್ಕೆ ಕಾಣುತ್ತವೆ. ಅದನ್ನು ತಪ್ಪಿಸಲು ಗುಪ್ತ ರೆಪೊ ಬೇಕಾಗುತ್ತದೆ, ಅಲ್ಲಿಗೆ ಒಂದೇ ರೆಪೊ ಎಂಬ ಲಾಭ ಹೋಯಿತು. ಮಾರ್ಕೆಟಿಂಗ್‌ನವರು ಒಂದು ಅಲ್ಪವಿರಾಮ ತಿದ್ದಲು ಇಡೀ ಕೋಡಿನ ಟೆಸ್ಟ್‌ಗಳು ಮುಗಿಯುವವರೆಗೆ ಕಾಯುವಂತಾದರೆ ಅವರು ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ಈಗಾಗಲೇ ಹತ್ತಾರು ರೆಪೊ ಇರುವವರು ಬರೀ ಸಂದೇಶದ ಕಾರಣಕ್ಕೆ ಎಲ್ಲವನ್ನೂ ಒಗ್ಗೂಡಿಸಲು ಹೋಗಬಾರದು, ಅದರ ಶ್ರಮಕ್ಕೆ ತಕ್ಕ ಫಲ ಇಲ್ಲ. ಒಂದು ರೆಪೊದೊಳಗೆ ಇನ್ನೊಂದನ್ನು ಸೇರಿಸುವ ಗಿಟ್ ಸಬ್‌ಮಾಡ್ಯೂಲ್ ಅನ್ನು ನಡುದಾರಿಯಾಗಿ ಕೆಲವರು ಸೂಚಿಸುತ್ತಾರೆ. ಸಬ್‌ಮಾಡ್ಯೂಲ್ ಒಂದು ನಿರ್ದಿಷ್ಟ ಕಮಿಟ್‌ಗೆ (ಗಿಟ್‌ನಲ್ಲಿ ದಾಖಲಾದ ಒಂದು ಹಂತ) ಕಟ್ಟಿಕೊಂಡಿರುತ್ತದೆ, ಪ್ರತಿ ರೆಪೊದಲ್ಲೂ ಯಾರಾದರೂ ಅದನ್ನು ಮುಂದಕ್ಕೆ ಸರಿಸಲೇಬೇಕು. ಮರೆವಿನಿಂದ ಹುಟ್ಟಿದ ಸಮಸ್ಯೆಗೆ ಮರೆಯಬಹುದಾದ ಇನ್ನೊಂದು ಕೆಲಸ ಸೇರುತ್ತದೆ ಅಷ್ಟೆ.

ಕಂಟೆಂಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ

ಕಂಟೆಂಟ್‌ಫುಲ್, ಸ್ಯಾನಿಟಿ, ಸ್ಟ್ರಾಪಿಯಂಥ ಹೆಡ್‌ಲೆಸ್ ವ್ಯವಸ್ಥೆಗಳಲ್ಲಿ ಪಠ್ಯ ಒಂದು ಕಡೆ ಇರುತ್ತದೆ, ಎಪಿಐ ಮೂಲಕ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಗಿಟ್ ಬಾರದವರು ಬ್ರೌಸರ್‌ನಲ್ಲೇ ಬರೆದು, ಮುನ್ನೋಟ ನೋಡಿ, ಇಂಥ ದಿನ ಇಷ್ಟು ಗಂಟೆಗೆ ಪ್ರಕಟಿಸು ಎಂದು ಇಟ್ಟುಬಿಡಬಹುದು. ದೊಡ್ಡ ಮಾರ್ಕೆಟಿಂಗ್ ತಂಡ, ಹಲವು ಭಾಷೆಗಳು, ಪ್ರತಿ ಬದಲಾವಣೆಗೂ ಕಾನೂನು ವಿಭಾಗದ ಒಪ್ಪಿಗೆ ಬೇಕಾದ ಕ್ಷೇತ್ರ, ಇಂಥಲ್ಲಿ ಇದಕ್ಕೆ ಬದಲಿ ಇಲ್ಲ. ಸಾವಿರಾರು ಪುಟಗಳ ಕೈಪಿಡಿ ಇರುವ ಯಂತ್ರೋಪಕರಣ ತಯಾರಕರು ಡೀಟಾ (ಡಿಐಟಿಎ) ಕಡೆಗೂ ನೋಡಬಹುದು. 2005ರಲ್ಲಿ ಓಯಸಿಸ್ ಎಂಬ ಸಂಸ್ಥೆಯ ಮಾನದಂಡವಾದ ಈ ಎಕ್ಸ್‌ಎಂಎಲ್ ಪದ್ಧತಿ ಹುಟ್ಟಿದ್ದೇ ಒಂದು ತುಣುಕನ್ನು ಹಲವು ಕಡೆ ಮರುಬಳಸಲು. ಆದರೆ ಅದಕ್ಕೆ ತರಬೇತಾದ ಬರಹಗಾರರು ಬೇಕು.

ಹೆಡ್‌ಲೆಸ್ ವ್ಯವಸ್ಥೆಯ ಕೊರತೆ ಕಾಣುವುದು ರೆಪೊದ ಕಡೆಯಿಂದ ನೋಡಿದಾಗ. ರೀಡ್‌ಮಿ, ಪ್ಯಾಕೇಜ್ ವಿವರಣೆ, ಹೆಲ್ಪ್ ಪಠ್ಯ ಇವೆಲ್ಲ ಗಿಟ್‌ನಲ್ಲೇ ಇರಬೇಕು, ಅಲ್ಲಿಗೆ ಪಠ್ಯ ತಲುಪಿಸಲು ಮತ್ತದೇ ಸ್ಕ್ರಿಪ್ಟ್ ಬರೆಯಬೇಕು. ಕೋಡಿಗೆ ಇರುವಂಥ ರಿಲೀಸ್ ಬ್ರಾಂಚ್‌ಗಳ (ಒಂದೊಂದು ಆವೃತ್ತಿಗೆ ಒಂದೊಂದು ಕವಲು) ಕಲ್ಪನೆ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಎರಡನೇ ಆವೃತ್ತಿಯ ಡಾಕ್ಸ್‌ಗೆ ಒಂದು ಮಾತು, ಮೂರನೆಯದಕ್ಕೆ ಇನ್ನೊಂದು ಎಂದರೆ ನೀವೇ ಮಾದರಿ ಕಟ್ಟಿಕೊಳ್ಳಬೇಕು. ಹೋಸ್ಟ್ ಮಾಡಿಸಿಕೊಂಡರೆ ತಂಡ ಬೆಳೆದಂತೆ ಚಂದಾ ಬೆಳೆಯುತ್ತದೆ. ಸ್ಟ್ರಾಪಿಯಂಥದ್ದನ್ನು ಸ್ವಂತ ಸರ್ವರ್‌ನಲ್ಲಿ ನಡೆಸಿದರೆ ಅಪ್‌ಡೇಟ್, ಬ್ಯಾಕಪ್‌ನ ಹೊಣೆ ನಿಮ್ಮದು. ಕೆಲವೇ ಜನ ಗಿಟ್ ಬಾರದವರಿದ್ದರೆ ಡೆಕ್ಯಾಪ್ ಸಿಎಂಎಸ್ ನೋಡಿ. 2023ರವರೆಗೆ ನೆಟ್ಲಿಫೈ ಸಿಎಂಎಸ್ ಎಂಬ ಹೆಸರಿದ್ದ ಇದು ಬ್ರೌಸರ್‌ನಲ್ಲಿ ಬರೆದದ್ದನ್ನು ನೇರ ಗಿಟ್ ಕಮಿಟ್ ಆಗಿ ಇಡುತ್ತದೆ, ಆದ್ದರಿಂದ ಲಿಂಟರ್ ಮತ್ತು ಡೇಟಾ ಫೈಲ್ ಎರಡೂ ಮೊದಲಿನಂತೆಯೇ ಕೆಲಸ ಮಾಡುತ್ತವೆ.

ಹಳೆಯ ಆವೃತ್ತಿ ಮತ್ತು ಲೈಸೆನ್ಸ್: ಇಲ್ಲಿ ಅವಸರ ಮಾಡಬೇಡಿ

ಯಾವ ದಾರಿ ಹಿಡಿದರೂ ಎಲ್ಲ ಕಡೆ ಒಂದೇ ಎಂಬ ನಿಯಮಕ್ಕೆ ಆವೃತ್ತಿ ಎಂಬ ಗಡಿ ಇದೆ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಟೆರಾಫಾರ್ಮ್ ಸೇರಿದಂತೆ ತನ್ನ ಪ್ರಾಡಕ್ಟ್‌ಗಳ ಮುಂದಿನ ಬಿಡುಗಡೆಗಳಿಗೆ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ ಬಿಟ್ಟು ಬಿಸಿನೆಸ್ ಸೋರ್ಸ್ ಲೈಸೆನ್ಸ್ ಹಿಡಿಯುವುದಾಗಿ ಘೋಷಿಸಿತು. ಓಪನ್ ಸೋರ್ಸ್ ಇನಿಶಿಯೇಟಿವ್‌ನ ವ್ಯಾಖ್ಯೆಯ ಪ್ರಕಾರ ಹೊಸದು ಓಪನ್ ಸೋರ್ಸ್ ಅಲ್ಲ. ಆದರೆ ಹಿಂದೆ ಬಿಡುಗಡೆಯಾದ ಆವೃತ್ತಿಗಳು ಹಳೆಯ ಲೈಸೆನ್ಸ್‌ನಲ್ಲೇ ಉಳಿದವು. ಇಂಥ ಬದಲಾವಣೆ ನಿಮ್ಮಲ್ಲಿ ಆದರೆ ಹೊಸ ಪುಟದಲ್ಲಿ ಹಳೆಯ ಮಾತು ಉಳಿಯುವುದೂ ತಪ್ಪು, ಹಳೆಯ ಆವೃತ್ತಿಯ ಡಾಕ್ಸ್‌ಗೆ ಹೊಸ ಮಾತು ಬರೆಯುವುದೂ ತಪ್ಪು. ಡೇಟಾ ಫೈಲ್ ಕೋಡಿನ ಜೊತೆ ಅದೇ ಬ್ರಾಂಚ್‌ನಲ್ಲಿ ಇರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ವೆಬ್‌ಸೈಟ್ ಇತ್ತೀಚಿನ ರಿಲೀಸ್‌ನ ಫೈಲನ್ನು ಓದಲಿ, ಹಳೆಯ ಡಾಕ್ಸ್ ತಮ್ಮ ತಮ್ಮ ಫೈಲನ್ನೇ ಓದಲಿ.

ಇದೇ ಕಾರಣಕ್ಕೆ, ವೆಬ್‌ಸೈಟೂ ರೆಪೊವೂ ಸಂಗತಿಯಲ್ಲಿ ಭಿನ್ನವಾದಾಗ ರೆಪೊದ ಮಾತೇ ನಡೆಯಬೇಕು. ಅಲ್ಲಿನ ಮಾತನ್ನು ಓದುಗರು ಓಡಿಸಿ ನೋಡಬಹುದು. ಇನ್ನೂ ಬಾರದ ಫೀಚರ್‌ನ ಬಗ್ಗೆ ಏನು ಭರವಸೆ ಕೊಡಬೇಕು ಎಂಬುದು ಮಾತ್ರ ಪ್ರಾಡಕ್ಟ್ ಮ್ಯಾನೇಜರ್ ತೀರ್ಮಾನಿಸಬೇಕಾದ್ದು.

ಡೇಟಾ ಫೈಲಿಗೆ ಕೋಡ್‌ಓನರ್ಸ್ (ಯಾವ ಫೈಲಿಗೆ ಯಾರು ಹೊಣೆ ಎಂದು ಹೇಳುವ ಫೈಲ್) ಮೂಲಕ ಇಂಜಿನಿಯರಿಂಗ್, ಮಾರ್ಕೆಟಿಂಗ್ ಎರಡೂ ತಂಡಗಳನ್ನು ಹೆಸರಿಸುವವರಿದ್ದಾರೆ. ಒಳ್ಳೆಯದೇ, ಆದರೆ ಗಿಟ್‌ಹಬ್‌ನಲ್ಲಿ ಒಂದೇ ಸಾಲಿನಲ್ಲಿ ಇಬ್ಬರ ಹೆಸರಿದ್ದರೆ ಯಾರಾದರೊಬ್ಬರ ಒಪ್ಪಿಗೆ ಸಾಕಾಗುತ್ತದೆ. ಅದೂ ಬ್ರಾಂಚ್‌ಗೆ ರಕ್ಷಣೆಯ ನಿಯಮ ಹಾಕಿ ಕೋಡ್ ಓನರ್‌ಗಳ ಒಪ್ಪಿಗೆ ಕಡ್ಡಾಯ ಮಾಡಿದ್ದರೆ ಮಾತ್ರ. ಇಬ್ಬರೂ ನೋಡಲೇಬೇಕು ಎಂದಿದ್ದರೆ ಸಂಗತಿಗಳಿಗೊಂದು, ವಿವರಣೆಗೊಂದು ಎಂದು ಎರಡು ಫೈಲ್ ಮಾಡಿ, ಒಂದೊಂದಕ್ಕೆ ಒಬ್ಬೊಬ್ಬರನ್ನು ಹೊಣೆ ಮಾಡುವುದು ಸರಳ.

ನಿಮ್ಮ ಸ್ಥಿತಿಗೆ ಯಾವುದು

ಒಬ್ಬಿಬ್ಬರ ಪ್ರಾಜೆಕ್ಟ್: ಸಂದೇಶ ಪತ್ರ ಬರೆದು, ರಿಲೀಸ್ ಪಟ್ಟಿಯಲ್ಲಿ "ರೆಪೊ ವಿವರಣೆ, ಪ್ಯಾಕೇಜ್ ವಿವರಣೆ, ಮುಖಪುಟ ನೋಡು" ಎಂಬ ಸಾಲು ಸೇರಿಸಿ. ದುಡ್ಡು ಖರ್ಚು ಮಾಡಬೇಡಿ.

ಒಂದು ಪ್ರಾಡಕ್ಟ್, ಕೆಲವು ರೆಪೊ, ಬರೆಯುವವರು ಬಹುಪಾಲು ಇಂಜಿನಿಯರ್‌ಗಳು: ಪತ್ರ, ವೇಲ್, ಗುರುತಿನ ಕಾಮೆಂಟ್ ತುಂಬುವ ಚಿಕ್ಕ ಸ್ಕ್ರಿಪ್ಟ್. ಹೆಚ್ಚಿನ ಕಂಪನಿಗಳು ಈ ವರ್ಗಕ್ಕೇ ಸೇರುತ್ತವೆ, ಬಹಳ ಕಾಲ ಇಷ್ಟರಲ್ಲೇ ನೆಮ್ಮದಿಯಾಗಿ ನಡೆಯುತ್ತದೆ. ಕೋಡ್ ಇನ್ನೂ ಒಂದೇ ರೆಪೊದಲ್ಲಿದ್ದು ಗುಟ್ಟು ಕಾಯುವಂಥದ್ದೇನೂ ಇಲ್ಲದಿದ್ದರೆ ಡಾಕ್ಸನ್ನೂ ಅಲ್ಲಿಗೇ ತನ್ನಿ.

ಹಲವು ಪ್ರಾಡಕ್ಟ್, ಏಕಕಾಲಕ್ಕೆ ಹಲವು ಆವೃತ್ತಿಗಳ ಬೆಂಬಲ: ಆಂಟೋರಾ ಅಥವಾ ಸ್ಫಿಂಕ್ಸ್ ಮೇಲೆ ಡಾಕ್ಸ್, ಪ್ರತಿ ರೆಪೊದಲ್ಲಿ ಸಂಗತಿಗಳ ಫೈಲ್, ಎಲ್ಲ ರೆಪೊಗೂ ಹಂಚಿದ ಒಂದೇ ವೇಲ್ ನಿಯಮಗಳು. ಇದನ್ನು ನೋಡಿಕೊಳ್ಳಲು ಒಬ್ಬರ ಸಮಯದ ಒಂದು ಭಾಗವನ್ನು ಅಧಿಕೃತವಾಗಿ ಮೀಸಲಿಡಿ, ಬಿಡುವಾದಾಗ ಮಾಡೋಣ ಎಂದರೆ ಆಗುವುದಿಲ್ಲ. ಗಿಟ್ ಬಾರದ ಬರಹಗಾರರೇ ಹೆಚ್ಚಿದ್ದರೆ ಮುಖಪುಟ ಮತ್ತು ಪ್ರಚಾರದ ಪುಟಗಳನ್ನು ಹೆಡ್‌ಲೆಸ್ ವ್ಯವಸ್ಥೆಗೆ ಕೊಡಿ, ಸಂಗತಿಗಳ ಫೈಲ್ ಮಾತ್ರ ಗಿಟ್‌ನಲ್ಲೇ ಉಳಿದು ಅಲ್ಲಿಗೆ ಹರಿಯಲಿ.

ಇನ್ನೂ ತೀರ್ಮಾನಕ್ಕೆ ಬರಲಾಗದಿದ್ದರೆ ಟೂಲ್ ಆರಿಸುವುದನ್ನು ಎರಡು ರಿಲೀಸ್‌ನಷ್ಟು ಮುಂದೂಡಿ. ಮೊದಲು ಒಂದು ಕೋಷ್ಟಕ ಮಾಡಿ. ನಿಮ್ಮ ಪಠ್ಯ ಇರುವ ಪ್ರತಿ ಜಾಗಕ್ಕೆ ಒಂದು ಸಾಲು. ಅಲ್ಲಿನ ಮೊದಲ ವಾಕ್ಯ, ಲೈಸೆನ್ಸ್, ಪ್ಲಾಟ್‌ಫಾರ್ಮ್, ಉಚಿತ ಮಿತಿ ಎಂಬ ಅಂಕಣಗಳು. ಲೈಸೆನ್ಸ್ ಮತ್ತು ಪ್ಲಾಟ್‌ಫಾರ್ಮ್ ತಪ್ಪುಗಳನ್ನು ಅವತ್ತೇ ತಿದ್ದಿ. ಎರಡು ರಿಲೀಸ್ ಆದ ಮೇಲೆ ಅದೇ ಕೋಷ್ಟಕವನ್ನು ಮತ್ತೆ ತುಂಬಿ, ಹೊಸದಾಗಿ ಬಂದ ಪ್ರತಿ ವ್ಯತ್ಯಾಸದ ಮುಂದೆ ಕಾರಣ ಬರೆಯಿರಿ. "ಮರೆತುಹೋಯಿತು" ಎಂಬುದೇ ಹೆಚ್ಚಿದ್ದರೆ ಡೇಟಾ ಫೈಲ್ ಮತ್ತು ಸ್ಕ್ರಿಪ್ಟ್. "ಯಾವ ಪದ ಬಳಸಬೇಕೆಂದು ಗೊತ್ತಿರಲಿಲ್ಲ" ಎಂದಿದ್ದರೆ ಲಿಂಟರ್. "ಬದಲಿಸಲು ಅನುಮತಿ ಇರಲಿಲ್ಲ, ಇಂಜಿನಿಯರ್‌ಗಾಗಿ ಕಾದೆವು" ಎಂದಿದ್ದರೆ ಬ್ರೌಸರ್‌ನಲ್ಲಿ ಬರೆಯುವ ವ್ಯವಸ್ಥೆ. "ಎರಡು ತಂಡಗಳು ಒಪ್ಪಲಿಲ್ಲ" ಎಂದಿದ್ದರೆ ಯಾವುದನ್ನೂ ಕೊಳ್ಳಬೇಡಿ, ಸಂದೇಶ ಪತ್ರದ ಮುಂದೆ ಇಬ್ಬರನ್ನೂ ಕೂರಿಸಿ.